ತೌಡಿಗೆ ಮಾರಿದ ಕೂಸು

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗುವುದು ಪುಣ್ಯ ಮಾಡಿದವರಿಗೆ, ಇಲ್ಲವೇ ಕೂಸು ಎತ್ತಿಕೊಂಡವರಿಗೆ. ಶೈಲಶ್ರೀಗೆ ಎರಡನೆಯ ಕಾರಣಕ್ಕೆ ಸಿಕ್ಕಿತು. ಕಮಲಾಪುರ ದಾಟುವ ಹೊತ್ತಿಗೆ ಪಕ್ಕದ ಮುದುಕಿ ಕೂಸಿನ ಗಲ್ಲ ಹಿಂಡಿ, ಕಾಲ್ಗೆಜ್ಜೆ ಮುಟ್ಟಿ ನೋಡಿ, ಕೊನೆಗೆ ಎಲ್ಲರೂ ಕೇಳುವುದನ್ನೇ ಕೇಳಿದಳು.

"ನಿಂದೇನವ್ವ ಕೂಸು?"

"ನಂದಲ್ರಿ. ಕೊಂಡಾಕಿ ಬ್ಯಾರೆ ಅದಾಳ. ನಾ ಬರೇ ಸಾಕ್ತೀನಿ," ಎಂದಳು ಶೈಲಶ್ರೀ, ಉಗುಳು ನುಂಗಿದಷ್ಟು ಸಲೀಸಾಗಿ.

ಮುದುಕಿ ಅಯ್ಯೋ ಪಾಪ ಎನ್ನುವಂತೆ ನೋಡಿ ಕಾಲ್ಗೆಜ್ಜೆಯಿಂದ ಕೈ ತೆಗೆದಳು. ಈ ಸೀಮೆಯಲ್ಲಿ ಆ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಮೊದಲು ಹುಟ್ಟಿದವು ಒಂದರ ಹಿಂದೊಂದು ಹೋಗಿಬಿಟ್ಟರೆ, ಆಮೇಲೆ ಹುಟ್ಟಿದ್ದನ್ನು ತಾಯಿ ಒಂದು ಮೊರ ತೌಡಿಗೆ ಬೇರೊಬ್ಬ ಹೆಂಗಸಿಗೆ ಮಾರುತ್ತಾಳೆ. ಮಾರಿದ ಮೇಲೆ, ಸಾಕಿಕೊಡುತ್ತೇನೆಂದು ಹೇಳಿ ವಾಪಸು ಎತ್ತಿಕೊಂಡು ಬರುತ್ತಾಳೆ. ಆ ತಾಯಿಯ ಮೇಲೆ ಕಣ್ಣಿಟ್ಟ ಸಾವು ಮನೆ ಹೊಕ್ಕು ನೋಡಿದರೆ ಅವಳದೆನ್ನುವ ಕೂಸೇ ಅಲ್ಲಿಲ್ಲ. ಇರುವುದು ದನಕ್ಕೆ ಹಾಕುವ ತೌಡಿನ ಬೆಲೆಯದು, ಅದೂ ಪರರದು. ಅದಕ್ಕೆ ತೌಡಪ್ಪ ಎಂದೋ ತೌಡಮ್ಮ ಎಂದೋ ಹೆಸರಿಡುತ್ತಾರೆ. ಯಾರೇ ಕೇಳಲಿ, ತಾಯಿ ನಂದು ಎನ್ನಬಾರದು. ಸಾವಿಗೆ ಅಷ್ಟು ಸುಲಭವಾಗಿ ಟೋಪಿ ಹಾಕಲಿಕ್ಕಾದೀತೇ ಎಂದು ನೀವು ಕೇಳಬಹುದು. ಕೇಳಬೇಡಿ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಬಂದವಳ ಮುಂದೆ ಜಾಣತನ ತೋರಿಸಬಾರದು.

ಶೈಲಶ್ರೀ ಹಾಗೆ ಕೊಟ್ಟು ಬಂದವಳು. ಮೊದಲನೆಯದು ಹೆಸರಿಡುವ ಮುಂಚೆಯೇ ಹೋಯಿತು. ಎರಡನೆಯದು ನಗುವುದನ್ನು ಕಲಿತ ಮೇಲೆ ಹೋಯಿತು. ನಗು ಕಲಿತ ಮೇಲೆ ಹೋದದ್ದು ಹೆಚ್ಚು ಸುಡುತ್ತದೆ.

ಆದರೆ ಅವಳು ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಡಾಕ್ಟರೇಟ್ ಕೂಡ ಇದೆ. ಅವಳ ಪ್ರಬಂಧ ನೆಲ್ಲುಡಿ ಮರುಳಸಿದ್ದಪ್ಪನವರ ಮೇಲೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಅವರು ಬಿಡುವಿನಲ್ಲಿ ಕಥೆ ಬರೆಯುತ್ತಿದ್ದರು. ಅರ್ಧ ಶತಮಾನದ ಹಿಂದೆ ಅವರ ಕಥೆ ಓದಿದವರು ಮಧ್ಯಾಹ್ನ ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲವಂತೆ. ಹೌದು, ಮಧ್ಯಾಹ್ನವೇ. ಮರುಳಸಿದ್ದಪ್ಪನವರಲ್ಲಿ ಸುಡುಗಾಡಿಲ್ಲ, ಬಿಳಿ ಸೀರೆಯಿಲ್ಲ, ಅಮಾವಾಸ್ಯೆಯ ನಾಯಿ ಊಳಿಡುವುದಿಲ್ಲ. ದೆವ್ವಕ್ಕೂ ನಿದ್ದೆ ಬೇಕಲ್ಲ, ರಾತ್ರಿ ಮಲಗಲಿ ಬಿಡಿ ಎನ್ನುತ್ತಿದ್ದರಂತೆ. ಅವರ ಕಥೆಗೆ ಬರುವವರು ಉರಿಬಿಸಿಲಿನಲ್ಲಿ ಬರುತ್ತಾರೆ, ನೀರು ಕೇಳುತ್ತಾರೆ, ಕಟ್ಟೆಯ ಮೇಲೆ ಕೂರುತ್ತಾರೆ. ಒಂದು ಕಥೆಯಲ್ಲಿ ಹಂಪಿಯ ಹೊಳೆ ದಾಟಿದ ಹರಿಗೋಲಿನಿಂದ, ಹತ್ತಿದವರಿಗಿಂತ ಒಬ್ಬರು ಹೆಚ್ಚಾಗಿ ಇಳಿಯುತ್ತಾರೆ. ಹೆಚ್ಚಿನವರು ಯಾರೆಂದು ಪತ್ತೆಯಾಗುವುದಿಲ್ಲ. ಎಲ್ಲರಿಗೂ ಮನೆಯಿದೆ, ಎಲ್ಲರಿಗೂ ಹೆಂಡತಿ ಮಕ್ಕಳಿದ್ದಾರೆ. ಇನ್ನೊಂದರಲ್ಲಿ ಸಂಡೂರಿನ ಗಣಿಯಿಂದ ಮನೆಗೆ ಬಂದವನ ಕೆಂಪು ಹೆಜ್ಜೆಗಳು ಕೋಣೆಯೊಳಗೆ ಹೋಗಿವೆ, ಹೊರಗೆ ಬಂದಿಲ್ಲ, ಒಳಗೂ ಯಾರಿಲ್ಲ. ಶೈಲಶ್ರೀಯ ಗಂಡ ಶಂಭುಲಿಂಗ ಸಂಡೂರಿನ ಗಣಿ ಆಫೀಸಿನಲ್ಲಿ ಕೆಲಸಕ್ಕಿರುವವನು. ಆ ಕಥೆ ಓದಿದಂದಿನಿಂದ ಅವನು ಚಪ್ಪಲಿ ಬಿಟ್ಟು ಕಾಲು ತೊಳೆದೇ ಒಳಗೆ ಬರುತ್ತಾನೆ. ಹೆಂಡತಿಯ ಕಾಟಕ್ಕೆ ಎನ್ನುತ್ತಾನೆ, ಸುಳ್ಳು.

ಎಲ್ಲಕ್ಕಿಂತ ದೊಡ್ಡ ಕಥೆ 'ತೌಡು'. ಎರಡು ಮಕ್ಕಳನ್ನು ಕಳೆದುಕೊಂಡ ಹೊಳೆಮ್ಮ ಆಮೇಲೆ ಹುಟ್ಟಿದ್ದನ್ನು ಗಿರಣಿಯ ಗೇಟಿನಲ್ಲಿ ಕುಳಿತ ಅಪರಿಚಿತ ಹೆಂಗಸಿಗೆ ಮಾರುತ್ತಾಳೆ. ಕೂಸು ನಡೆಯುವುದನ್ನು ಕಲಿತ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸು ಮನೆ ಬಾಗಿಲಿಗೆ ಬಂದು, "ಯಾರ ಕೂಸಿದು?" ಎಂದು ಕೇಳುತ್ತಾಳೆ. ಗಿರಣಿಯ ಎಂಜಿನ್ ಸದ್ದು ಶುರುವಾಗುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಹೊಳೆಮ್ಮ ಏನೆಂದಳೆಂದು ಬರೆದಿಲ್ಲ. ಆ ಬರೆಯದ ಉತ್ತರದ ಮೇಲೆ ಶೈಲಶ್ರೀ ಎಂಬತ್ತು ಪುಟ ಬರೆದು ಡಾಕ್ಟರ್ ಆದಳು.

ಮೂರನೆಯ ಕೂಸು ಹುಟ್ಟಿದಾಗ ಅತ್ತೆ ಬಸಕ್ಕ, ಬಂಡ್ರಿಯ ಹಳೇ ಕಾಲದ ಹೆಣ್ಣುಮಗಳು, ತೌಡಿಗೆ ಮಾರಲೇಬೇಕೆಂದು ಹಟ ಹಿಡಿದಳು. ಶೈಲಶ್ರೀ ಬೇಡ ಎನ್ನಲಿಲ್ಲ. ನಂಬಿಕೆಯಿಲ್ಲ ಎನ್ನುವುದಕ್ಕೂ ಧೈರ್ಯ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. ಆದರೆ ಓದಿದವರಿಗೆ ಹರಕೆ ತೀರಿಸುವುದಕ್ಕೂ ಒಂದು ಸಾಹಿತ್ಯದ ನೆಪ ಬೇಕು ನೋಡಿ. ಮಾರುವುದಾದರೆ ಮರುಳಸಿದ್ದಪ್ಪನವರ ಗಿರಣಿಯ ಗೇಟಿನಲ್ಲೇ ಮಾರೋಣ ಎಂದಳು.

"ಮಗ್ಗಲ ಮನಿ ಕರೆಮ್ಮ ಮೊರ ತೊಳ್ದು ಇಟ್ಕೊಂಡಾಳ," ಎಂದಳು ಬಸಕ್ಕ. "ಗುರುತಿಲ್ಲದಾಕಿಗೆ ಕೂಸು ಕೊಡಬಾರ್ದವ್ವ. ನಾಳೆ ಕೂಸಿನ ಮದುವಿಗೆ ಮುಂಚೆ ತೌಡು ವಾಪಸ್ ಕೊಟ್ಟು ಬಿಡಿಸ್ಕೋಬೇಕು. ಯಾರಂತ ಹುಡುಕ್ತಿ?"

ಸೊಸೆ ಕೇಳಲಿಲ್ಲ. ಇಬ್ಬರೂ ಕೂಸನ್ನೆತ್ತಿಕೊಂಡು ಕಂಪ್ಲಿಗೆ ಹೋದರು, ಎತ್ತರದ ಗೋಡೆಯ ಹಿಂದೆ ಗಿರಣಿ ಓಡುತ್ತಿದೆಯೋ ಇಲ್ಲವೋ ನೋಡಲಿಲ್ಲ. ಗೇಟಿನಲ್ಲಿ ಒಬ್ಬ ಹೆಂಗಸು ಕಥೆಯಲ್ಲಿದ್ದಂತೆಯೇ ಮೊರ ಹಿಡಿದು ತೌಡು ಕೇರುತ್ತ ಕುಳಿತಿದ್ದಳು. ಶೈಲಶ್ರೀಗೆ ರೋಮಾಂಚನವಾಯಿತು. ಕೇಳಿದ ಕೂಡಲೇ ಆ ಹೆಂಗಸು ನಕ್ಕು ತೌಡನ್ನು ಇವಳ ಸೆರಗಿಗೆ ಸುರಿದಳು, ಕೂಸನ್ನು ಮಡಿಲಿಗೆ ಹಾಕಿಕೊಂಡಳು, "ಚೊಲೋತ್ನಂಗ ಸಾಕು" ಎಂದು ವಾಪಸು ಕೊಟ್ಟಳು. ಬಸಕ್ಕ ತಿರುವು ದಾಟುವ ತನಕ ಹಿಂತಿರುಗಿ ಗೇಟನ್ನೇ ನೋಡುತ್ತಿದ್ದಳು. ಕೂಸಿಗೆ ಆಸ್ಪತ್ರೆಯ ಕಾಗದದಲ್ಲಿ ಇಂಚರ ಎಂದು ಹೆಸರಾಯಿತು, ಮನೆಯಲ್ಲಿ ತೌಡಮ್ಮ. ಮತ್ತು ಕೂಸು ಉಳಿಯಿತು. ಮಗುಚಿತು, ಅಂಬೆಗಾಲಿಟ್ಟಿತು, ಈಗ ನಡೆಯುತ್ತದೆ. ಸೂಜಿ ಹಾಕುವ ನರ್ಸು ಕೇಳಿದರೂ, ಪಕ್ಕದ ಮನೆಯವರು ಕೇಳಿದರೂ, ಶೈಲಶ್ರೀ ಒಂದೇ ಮಾತು ಹೇಳಿದಳು. ಅದು ನಂದಲ್ಲ.

ಇವತ್ತು ಅವಳು ಕಂಪ್ಲಿಗೆ ಹೊರಟದ್ದು ಪುಸ್ತಕದ ಕೆಲಸಕ್ಕೆ. ಮರುಳಸಿದ್ದಪ್ಪನವರ ಕಥೆಗಳು ಮತ್ತೆ ಅಚ್ಚಾಗಲಿದ್ದವು, ಸಂಪಾದಕಿ ಇವಳೇ. ಅವರ ಹೆಂಡತಿ ನೀಲಗಂಗಮ್ಮ ಉಳಿದ ಕಥೆಗಳಿಗೆಲ್ಲ ಹೂಂ ಎಂದಿದ್ದರು. 'ತೌಡು' ಒಂದಕ್ಕೆ ಮಾತ್ರ ಫೋನಿನಲ್ಲಿ ಬ್ಯಾಡ ಎಂದು ಇಟ್ಟುಬಿಟ್ಟಿದ್ದರು. ಎದುರು ಕುಳಿತು ಕೇಳಿದರೆ ಒಪ್ಪಿಯಾರು, ಕೂಸನ್ನು ನೋಡಿದರೆ ಮನಸ್ಸು ಕರಗೀತು ಎಂದುಕೊಂಡು ಶೈಲಶ್ರೀ ಕೂಸನ್ನೂ ಕರೆತಂದಿದ್ದಳು.

ನೀಲಗಂಗಮ್ಮನವರ ಮನೆ ಗಿರಣಿಗೆ ಬೆನ್ನು ಹಚ್ಚಿಕೊಂಡೇ ಇದೆ. ಮುಂದೆ ಅಂಗಳ, ಅಂಗಳಕ್ಕೊಂದು ಕಬ್ಬಿಣದ ಗೇಟು. ಮುದುಕಿ ಎಂಬತ್ತು ದಾಟಿದ್ದರೂ ಮಾತು ಇನ್ನೂ ಮೊನಚು. ಕೂಸಿಗೆ ಒಂದು ತಾಟು, ಒಂದು ಚಮಚ ಕೊಟ್ಟು ಹೊಸ್ತಿಲ ಹತ್ತಿರ ಕೂರಿಸಿದರು. ಅದು ಠಣ್ ಠಣ್ ಎಂದು ಬಡಿಯುತ್ತ ಕುಳಿತಿತು.

"ಕುಂದ್ರವ್ವ. ಅದೊಂದು ಬಿಟ್ಟು ಎಲ್ಲ ಹಾಕ್ಕೊ ಅಂದೀನಲ್ಲ."

"ಅದೊಂದು ಇಲ್ಲ ಅಂದ್ರ ಪುಸ್ತಕ ಉಪ್ಪಿಲ್ಲದ ಸಾರು ಆಗ್ತೈತ್ರಿ ಅಮ್ಮಾರ," ಎಂದಳು ಶೈಲಶ್ರೀ. "ಆ ಕಡೀ ಪ್ರಶ್ನೆ ಐತಲ್ರಿ, ಅದನ್ನ ಹಂಗ ಬಿಟ್ಟು ಅವ್ರು ಓದೋರನ್ನ ತಾಯಿ ಜಾಗದಾಗ ನಿಲ್ಲಿಸ್ಯಾರ. ಅಂಥಾ ಧೈರ್ಯ ಯಾರು ಮಾಡ್ಯಾರ್ರಿ?"

ನೀಲಗಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

"ಎಂಥಾ ಧೈರ್ಯ ತಂಗಿ? ಅವ್ರಿಗೆ ಕೇಳಿಸಿದ್ದಿಲ್ಲ."

"ಏನು?"

"ಉತ್ತರ. ಆ ಹೊಳೆಮ್ಮ ಅಂದ್ರ ನಮ್ಮತ್ತಿ, ನಮ್ಮವರ ತಾಯಿ. ನಮ್ಮವರ ಬೆನ್ನಿಗೆ ಹುಟ್ಟಿದ ಎರಡು ಹೋದ್ಮ್ಯಾಲೆ ತೌಡಿಗೆ ಮಾರಿದ್ದು ನಮ್ಮವರ ತಂಗೀನ. ಕೊಂಡಾಕಿ ಬಂದು ಕೇಳಿದಾಗ ಇವ್ರು ಸಣ್ಣವ್ರು, ಜ್ವರ ಬಂದು ಒಳಗ ಮಲ್ಕೊಂಡಿದ್ರಂತ. 'ಯಾರ ಕೂಸಿದು' ಅಂದದ್ದು ಕೇಳಿಸ್ತು. ಅಷ್ಟ್ರಾಗ ಗಿರಣಿ ಎಂಜಿನ್ ಚಾಲೂ ಆತು, ಅವ್ವ ಏನಂದ್ಲೋ ಕೇಳಿಸ್ಲಿಲ್ಲ. ಎದ್ದು ಹೊರಗ ಬಂದ್ರ ತಂಗಿ ಇಲ್ಲ. ಹೊಳಿ ಹುಡುಕಿದ್ರು, ಹಂಪಿ ಗುಡ್ಡ ಹುಡುಕಿದ್ರು. ಸಾಯೋ ತನಕ ಅವ್ವನ್ನ ಕೇಳಿದ್ರು, ಆಕಿ ಹೇಳ್ಲಿಲ್ಲ. ಎಲ್ಲೀ ತನಕ ಕೇಳಿಸಿತ್ತೋ ಅಲ್ಲೀ ತನಕ ಬರದ್ರು. ನೀವು ಅದಕ್ಕ ದೊಡ್ಡ ಹೆಸರು ಇಟ್ರಿ."

ಶೈಲಶ್ರೀಗೆ ತನ್ನ ಎಂಬತ್ತು ಪುಟಗಳು ನೆನಪಾಗಿ ಮುಖ ಬಿಸಿಯಾಯಿತು. ಗಿರಣಿಯ ಸದ್ದಿಗೆ ಅವಳು ಮೂರು ಸಿದ್ಧಾಂತ ಕಟ್ಟಿದ್ದಳು. ಬೇರೆ ಹೊತ್ತಿನಲ್ಲಾದರೆ ನಕ್ಕುಬಿಡುತ್ತಿದ್ದಳೇನೋ. ಈಗ ನಗು ಬರಲಿಲ್ಲ. ಅದು ಕಥೆಯಲ್ಲ ಎಂದು ಮುದುಕಿ ಹೇಳುತ್ತಿದ್ದರು.

"ನಿನ್ನ ಕೂಸಿನ ಹೆಸರೇನವ್ವ?" ಎಂದು ನೀಲಗಂಗಮ್ಮ ಮಾತು ಬದಲಿಸಿದರು.

ಶೈಲಶ್ರೀ ಎರಡು ಹೆಸರನ್ನೂ ಹೇಳಿದಳು. ತೌಡಮ್ಮ ಎಂದ ಕೂಡಲೇ ಮುದುಕಿಯ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು.

"ಯಾರು ಕೊಂಡ್ರು?"

"ಗೊತ್ತಿಲ್ರಿ. ನಿಮ್ಮ ಗಿರಣಿ ಗೇಟಿನಾಗ ಒಬ್ಬಾಕಿ ತೌಡು ಕೇರ್ಕೊಂತ ಕುಂತಿದ್ಲು. ಆಕಿಗೇ ಕೊಟ್ಟೆ. ಹೆಸರು ಕೇಳ್ಲಿಲ್ಲ."

"ಯಾವಾಗ?"

"ಹೋದ ವರ್ಷ."

ನೀಲಗಂಗಮ್ಮ ಎದ್ದು ಅವಳ ರಟ್ಟೆ ಹಿಡಿದು ಹಿಂದಿನ ಕಿಟಕಿಗೆ ಕರೆದೊಯ್ದರು. ಗಿರಣಿಯ ತಗಡಿನ ಚಾವಣಿ ಅರ್ಧ ಕುಸಿದಿತ್ತು. ಎಂಜಿನ್ ಇದ್ದ ಕಟ್ಟೆಯ ಮೇಲೆ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು.

"ನಮ್ಮವರು ತೀರಿಕೊಂಡ ವರ್ಷನ ಗಿರಣಿ ಬಂದ್ ಮಾಡಿದ್ವಿ. ಮಿಷಿನ್ನು, ಬೆಲ್ಟು, ಎಲ್ಲಾ ಮಾರಿ ಇಪ್ಪತ್ತು ವರ್ಷ ಮ್ಯಾಲಾತು. ಇಲ್ಲಿ ಇಲಿಗೂ ಒಂದು ಹಿಡಿ ತೌಡು ಸಿಗಂಗಿಲ್ಲ."

ಕಂಪ್ಲಿಯಲ್ಲಿ ಗಿರಣಿಗಳಿಗೇನು ಬರವೇ, ಆಕೆ ಬೇರೆ ಕಡೆಯಿಂದ ತಂದಿರಬಹುದು ಎನ್ನಲು ಶೈಲಶ್ರೀ ಬಾಯಿ ತೆರೆದಳು. ಆಗ ನೆನಪಾಯಿತು. ಸೆರಗಿಗೆ ಸುರಿದಾಗ ತೌಡು ಬೆಚ್ಚಗಿತ್ತು. ಈಗಷ್ಟೇ ಎಂಜಿನ್ನಿನ ಬಾಯಿಂದ ಇಳಿದಂತೆ ಬೆಚ್ಚಗಿತ್ತು, ಹೊಟ್ಟೆಗೆ ತಾಗಿ ಹಿತವೆನಿಸಿತ್ತು. ಹಿತವೆನಿಸಿದ್ದು ನೆನೆದು ಅವಳು ಸೆರಗನ್ನು ಹೊಟ್ಟೆಯಿಂದ ದೂರ ಎಳೆದುಕೊಂಡಳು.

"ನಿಮ್ಮತ್ತಿ ಏನಂದಿದ್ರು ಅಮ್ಮಾರ? ನಿಮಗಾದ್ರೂ ಹೇಳಿದ್ರೇನು?"

"ಕಡೀಗಾಲಕ್ಕ ನನಗೊಬ್ಬಾಕಿಗೆ ಹೇಳಿದ್ರು. 'ನಿಮ್ದು' ಅಂದಿದ್ರಂತ. ಸಾವಿಗೆ ಹೆದರಿ, ರೂಢಿಯಂಗ, 'ನಂದಲ್ರಿ, ನಿಮ್ದು' ಅಂದ್ರಂತ. ಆಕಿ 'ಹಂಗಾದ್ರ ಕೊಡು' ಅಂತ ಬೆರಳು ಹಿಡ್ದು ಕರ್ಕೊಂಡು ಹೋದ್ಲು."

"'ನಂದು' ಅಂದಿದ್ರ?"

"ಅದನ್ನ ನಾನೂ ಕೇಳಿದೆ," ಎಂದರು ನೀಲಗಂಗಮ್ಮ. "'ನಂದು ಅಂದ್ರ ಮೊದ್ಲಿನೆರಡನ್ನ ಒಯ್ದ ಸಾವು ಕೇಳಿಸ್ಕೊಂತಿತ್ತಲ್ಲವಾ' ಅಂದ್ರು. ಅದಕ್ಕ ಬ್ಯಾಡ ಅಂದೆ ತಂಗಿ. ಆ ಕಥಿ ಓದಿ ಯಾರಾದ್ರೂ ಹಂಗ ಮಾಡ್ಯಾರು ಅಂತ. ನೀ ಮಾಡಿ ಬಂದಿ."

ಇಷ್ಟು ಹೊತ್ತು ಹಿಂದಿನಿಂದ ಕೇಳುತ್ತಿದ್ದ ಠಣ್ ಠಣ್ ನಿಂತಿತ್ತು. ಯಾವಾಗ ನಿಂತಿತೋ ಇಬ್ಬರಿಗೂ ತಿಳಿದಿರಲಿಲ್ಲ.

ಶೈಲಶ್ರೀ ಓಡಿದಳು. ಹೊಸ್ತಿಲ ಹತ್ತಿರ ತಾಟು ಇತ್ತು, ಚಮಚ ಇತ್ತು, ಕೂಸು ಇರಲಿಲ್ಲ. ಅದು ಅಂಗಳದ ನಡುವೆ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತಿತ್ತು. ಗೇಟು ತೆರೆದಿತ್ತು. ಗೇಟಿನ ಒಳಗೆ ಒಬ್ಬ ಹೆಂಗಸು ಕಂಕುಳಲ್ಲಿ ಮೊರ ಇಟ್ಟುಕೊಂಡು ನಿಂತಿದ್ದಳು. ಪಾಪಿನಾಯಕನಹಳ್ಳಿಯ ಸಂತೆಗೆ ಹೊರಟ ಯಾವ ಹೆಂಗಸಾದರೂ ಹೀಗೇ ಇರುತ್ತಾಳೆ, ಹಸಿರು ಸೀರೆ, ತಲೆಗೆ ಎಣ್ಣೆ. ಆದರೆ ಹುಬ್ಬಿನ ಮೇಲೆ, ಮೊಣಕೈ ತನಕ, ತೌಡಿನ ಪುಡಿ ಕುಳಿತಿತ್ತು. ಆಕೆ ಕೂಸಿಗೆ ಕಿರುಬೆರಳು ಚಾಚಿದ್ದಳು. ಕೂಸು ಆ ಬೆರಳನ್ನು ನೋಡುತ್ತಿತ್ತು.

ಓಡಿಹೋಗಿ ಎತ್ತಿಕೊಳ್ಳಬೇಕು. ಕಾಲು ಏಳಲಿಲ್ಲ. ಸುಳ್ಳಲ್ಲ, ನಿಜವಾಗಿ ಏಳಲಿಲ್ಲ. ಮಾರಿದ ವಸ್ತುವನ್ನು ಕೊಂಡವಳ ಎದುರಿಗೆ ಎತ್ತಿಕೊಳ್ಳಲು ಹಕ್ಕು ಬೇಕು, ಆ ಹಕ್ಕನ್ನು ಅವಳು ತನ್ನ ಬಾಯಿಂದಲೇ ದಿನಾ ಅಷ್ಟಷ್ಟು ಕಳೆದುಕೊಂಡಿದ್ದಳು.

"ಚೊಲೋ ಸಾಕೀದಿ," ಎಂದಳು ಆ ಹೆಂಗಸು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಕೂಸಿದು?"

ನಂದಲ್ಲ. ಮಾತು ನಾಲಿಗೆಯ ತುದಿಗೆ ತಾನೇ ಬಂದು ನಿಂತಿತು, ಕಲಿಸಿದ ಗಿಣಿಯ ಹಾಗೆ. ಅಷ್ಟು ಸಲ ಹೇಳಿ ಪಳಗಿದ ಮಾತು, ಬಾಯಿ ತೆರೆದರೆ ಸಾಕು, ಬೀಳುತ್ತಿತ್ತು. ಶೈಲಶ್ರೀ ನಾಲಿಗೆಯನ್ನು ರಕ್ತ ಬರುವಂತೆ ಕಚ್ಚಿ ಹಿಡಿದಳು. ಆ ಮಾತು ಬೇಡವೆಂದರೆ ಉಳಿದದ್ದು ಒಂದೇ. ಅದನ್ನಂದರೆ, ಅವಳ ಪಾಲಿಗೆ ಮಣ್ಣು ಇನ್ನೂ ಆರದ ಆ ಎರಡು ಗುಂಡಿಗಳ ಪಕ್ಕದಿಂದ ಏನೋ ತಲೆಯೆತ್ತಿ ಕೇಳಿಸಿಕೊಳ್ಳುತ್ತದೆ. ಈ ಮನೆಯಲ್ಲಿ ಇನ್ನೂ ಒಂದು ಇದೆಯೇ ಎನ್ನುತ್ತದೆ. ಹೀಗೆಂದರೂ ಹೋಗುತ್ತದೆ, ಹಾಗೆಂದರೂ ಹೋಗುತ್ತದೆ. ಕಥೆಯಲ್ಲಾದರೆ ಇಲ್ಲಿಗೆ ಚುಕ್ಕೆ ಇಡಬಹುದಿತ್ತು. ಅದನ್ನು ಎಷ್ಟು ಹೊಗಳಿದ್ದಳು ಅವಳು! ಆ ಕ್ಷಣದಲ್ಲಿ ಅವಳಿಗೆ ಮರುಳಸಿದ್ದಪ್ಪನ ಮೇಲೆ, ಅವನ ಚಂದದ ಮೌನದ ಮೇಲೆ ಮೈಯೆಲ್ಲ ಉರಿಯಿತು.

"ಯಾರದವ್ವ?" ಎಂದಳು ಹೆಂಗಸು ಮತ್ತೆ. ಕೂಸು ಒಂದು ಹೆಜ್ಜೆ ಮುಂದಿಟ್ಟು ಆ ಬೆರಳನ್ನು ಹಿಡಿಯಿತು.

ಆಗ ಮನೆಯ ಹಿಂದಿನಿಂದ ಸದ್ದು ಶುರುವಾಯಿತು. ಡುಗ್, ಡುಗ್, ಡುಗ್. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ಮಿಷಿನ್ನು ಮಾರಿದ, ಎಕ್ಕ ಬೆಳೆದ ಆ ಕಟ್ಟೆಯ ಮೇಲೆ ಎಂಜಿನ್ ಓಡುತ್ತಿತ್ತು. ಗೋಡೆ ಅದುರಿತು, ಹೊಸ್ತಿಲ ಮೇಲಿನ ತಾಟು ತಾನೇ ಗಿರ್ರೆಂದಿತು. ನೀಲಗಂಗಮ್ಮ ಬಾಗಿಲಲ್ಲಿ ನಿಂತು ಏನೋ ಕೂಗುತ್ತಿದ್ದರು, ಬಾಯಿ ಮಾತ್ರ ಕಾಣುತ್ತಿತ್ತು. ಈಗ ಮೆಲ್ಲಗೆ ಏನಂದರೂ ಯಾರಿಗೂ ಕೇಳುವುದಿಲ್ಲ. ಸಾವಿಗೂ ಕೇಳುವುದಿಲ್ಲ, ಎದುರಿಗೆ ನಿಂತವಳಿಗೂ ಕೇಳುವುದಿಲ್ಲ. ಹೆಂಗಸು ಕಿವಿ ಮುಂದೆ ಮಾಡಿ ಕಾಯ್ದಳು. ಉತ್ತರ ಬರದಿದ್ದರೆ ಬೆರಳು ಹಿಡಿದ ಕೂಸು ತನ್ನಷ್ಟಕ್ಕೇ ಹಿಂದೆ ಬರುತ್ತದೆ ಎಂದು ಆಕೆಗೆ ಗೊತ್ತಿತ್ತು. ಆಕೆ ತಿರುಗಿದಳು. ಕೂಸೂ ತಿರುಗಿತು.

"ನಂದು!"

ಶೈಲಶ್ರೀ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು, ಕರುಳು ಕಿತ್ತು ಬರುವ ಹಾಗೆ, ಎಂಜಿನ್ನಿನ ಸದ್ದನ್ನು ಮೀರಿ, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ.

"ನಂದದು! ನನ್ನ ಮಗಳು! ನಾ ಹೆತ್ತೀನಿ!"

ಎಂಜಿನ್ ನಿಂತಿತು. ಒಮ್ಮೆಲೇ ನಿಂತಿತು.

ಆ ಮೌನದಲ್ಲಿ ಕೂಸು ಬೆರಳು ಬಿಟ್ಟು ಹಿಂತಿರುಗಿ ನೋಡಿತು. ಹುಟ್ಟಿದಾಗಿನಿಂದ ಅದು ತನ್ನ ತಾಯಿಯ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅದಕ್ಕೇನು ತಿಳಿಯಿತೋ, ಇಲ್ಲಾ ಆ ಅರಚಾಟಕ್ಕೆ ಹೆದರಿತೋ, ಮುಖ ಸೊಟ್ಟ ಮಾಡಿ ಅಳುತ್ತ ಶೈಲಶ್ರೀಯ ಕಡೆಗೆ ಬಂತು. ಅವಳ ಕಾಲು ಎದ್ದಿತು. ಓಡಿಹೋಗಿ ಎತ್ತಿ ಎದೆಗವುಚಿಕೊಂಡಳು.

ಹೆಂಗಸು ಬೇಸರ ಮಾಡಿಕೊಳ್ಳಲಿಲ್ಲ. ಮೊರವನ್ನು ಒಮ್ಮೆ ಕೊಡವಿ ಮತ್ತೆ ಕಂಕುಳಲ್ಲಿ ಇಟ್ಟುಕೊಂಡಳು. ಬಹಳ ದಿನದಿಂದ ಹುಡುಕುತ್ತಿದ್ದ ಮನೆಯ ಗುರುತು ಸಿಕ್ಕವರ ಸಮಾಧಾನ ಆಕೆಯ ಮುಖದಲ್ಲಿತ್ತು.

"ಇಷ್ಟ ಕೇಳಬೇಕಿತ್ತು ನೋಡವ್ವ," ಎಂದಳು. "ಹಂಗಾದ್ರ ನಾ ಬರ್ತೀನಿ."

ನಮ್ಮಲ್ಲಿ ಹೊರಟವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಬರ್ತೀನಿ ಎನ್ನುತ್ತಾರೆ. ಉಳಿದವರು ಬನ್ನಿ ಎನ್ನುತ್ತಾರೆ. ಹಾಲು ಮಾರುವವಳಿಗೂ, ಕರೆಂಟು ಬಿಲ್ಲಿನವನಿಗೂ, ಜಗಳಾಡಿ ಹೊರಟ ನೆಂಟರಿಗೂ ಹಾಗೆಯೇ ಹೇಳುವುದು. ಅದು ಮಾತಲ್ಲ, ಉಸಿರು. ಒಂದು ಮಾತನ್ನು ಹಲ್ಲು ಕಚ್ಚಿ ತಡೆದು ಗೆದ್ದಿದ್ದ ಶೈಲಶ್ರೀ, ಮಗಳ ನೆತ್ತಿಗೆ ಮುಖ ಒತ್ತಿಕೊಂಡು, ಪ್ರಾಣ ಮರಳಿ ಬಂದ ಹಗುರದಲ್ಲಿ, ಮರ್ಯಾದಸ್ಥರ ಮನೆಯಲ್ಲಿ ಬೆಳೆದ ಹೆಣ್ಣುಮಗಳಾಗಿ ಅಂದುಬಿಟ್ಟಳು.

"ಹೂಂ, ಬರ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಗಸು ತಲೆಯಾಡಿಸಿ ಗೇಟು ದಾಟಿ, ಗೇಟನ್ನು ನೀಟಾಗಿ ಎಳೆದುಕೊಂಡು, ಕಾಲುವೆ ದಾರಿ ಹಿಡಿದಳು. ಶೈಲಶ್ರೀ ತಲೆಯೆತ್ತಿ ನೋಡುವಷ್ಟರಲ್ಲಿ ದಾರಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆಗ ಅವಳಿಗೆ ತಾನೇನಂದೆ ಎಂಬುದು ಹೊಳೆಯಿತು. ನಿಂತಲ್ಲೇ ಕುಸಿದು ಕುಳಿತಳು.

ನೀಲಗಂಗಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು.

"ಬರ್ರಿ ಅಂದ್ಯಾ?"

"ಅಂದೆ ಅಮ್ಮಾರ. ಬಾಯಿ ತಪ್ಪಿ ಅಂದೆ. ಕರದೆ ನಾನು, ನಾನ ಕರದೆ!" ಶೈಲಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಜೊತೆಗೆ ಕೂಸೂ ಅತ್ತಿತು.

ಮುದುಕಿ ಅವಳ ಪಕ್ಕದಲ್ಲಿ ಬಿಸಿಲಿನಲ್ಲೇ ಕುಳಿತರು. ಬೈಯಲಿಲ್ಲ. ಸೆರಗು ಎಳೆದು ಕೂಸಿನ ತಲೆಗೆ ನೆರಳು ಮಾಡಿದರು.

"ಹಡದಾಕಿ ಯಾರು ಆಕೀನ ಕರ್ದಿಲ್ಲ ತಂಗಿ?" ಎಂದರು. "ಹಡಿಯೋದಂದ್ರ ಸಾವನ್ನ ಬರ್ರಿ ಅಂದಂಗ. ಯಾವಾಗ ಬರ್ತೀನಿ ಅಂತ ಆಕಿ ಹೇಳ್ಲಿಲ್ಲಲ್ಲ? ಎಂಬತ್ತು ವರ್ಷ ಬಿಟ್ಟು ಬರಬೌದು. ನನ್ನ ಕರ್ಕೊಂಡು ಹೋಗಾಕ ಇನ್ನೂ ಬಂದಿಲ್ಲ ನೋಡು. ಏಳು, ಕೂಸು ಹಸ್ತೈತಿ. ಅನ್ನ ಕಲಿಸ್ತೀನಿ."

"ಕೂಸಲ್ರಿ," ಎಂದಳು ಶೈಲಶ್ರೀ ಮೂಗು ಒರೆಸಿಕೊಳ್ಳುತ್ತ. "ನನ್ನ ಮಗಳು. ನನ್ನ ಮಗಳು ಹಸ್ತಾಳ."